ಪಾಳಿ ಬದಲಾಗುವ ಕೆಲಸ, ಮನೆಯಲ್ಲಿ ಪುಟ್ಟ ಮಗು: ಕಡಿಮೆ ಖರ್ಚಿನಲ್ಲಿ ಆರೈಕೆ ಹೊಂದಿಸಿಕೊಳ್ಳುವ ಬಗೆ

ಬೆಂಗಳೂರಿನ ಬಹುಪಾಲು ಡೇ ಕೇರ್‌ಗಳು ಬೆಳಿಗ್ಗೆ ಎಂಟು ಒಂಬತ್ತರ ನಡುವೆ ಬಾಗಿಲು ತೆರೆದು ಸಂಜೆ ಆರು ಏಳರ ಹೊತ್ತಿಗೆ ಮುಚ್ಚುತ್ತವೆ. ನಸುಕಿನಲ್ಲೇ ಡಿಪೋ ಸೇರಬೇಕಾದ ಬಸ್ ಕಂಡಕ್ಟರ್, ವಾರಕ್ಕೊಂದು ಪಾಳಿಯಲ್ಲಿ ದುಡಿಯುವ ನರ್ಸ್, ರಾತ್ರಿಯಿಡೀ ಹೆಡ್‌ಫೋನ್ ಹಾಕಿಕೊಂಡು ಕೂರುವ ಕಾಲ್ ಸೆಂಟರ್ ನೌಕರರು, ಮಧ್ಯಾಹ್ನದ ಊಟ ಮುಗಿಸಿ ಮೆಷಿನ್ ಮುಂದೆ ಕೂತ ಮೇಲಷ್ಟೇ "ಇವತ್ತು ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದೆ" ಎಂಬ ಮಾತು ಕೇಳಿಸಿಕೊಳ್ಳುವ ಗಾರ್ಮೆಂಟ್ಸ್ ಕಾರ್ಮಿಕರು, ಇವರಲ್ಲಿ ಯಾರ ದಿನವೂ ಆ ವೇಳಾಪಟ್ಟಿಗೆ ಹೊಂದುವುದಿಲ್ಲ. ಹೀಗಾಗಿ ಎಲ್ಲ ಹೊತ್ತಿಗೂ ಒದಗುವ, ಕೈಗೆಟುಕುವ ಒಂದೇ ಜಾಗವನ್ನು ಹುಡುಕುತ್ತಾ ತಿಂಗಳುಗಟ್ಟಲೆ ಅಲೆಯುವವರು ಕೊನೆಗೆ ಕೆಲಸವನ್ನೇ ಬಿಡುವುದುಂಟು.

ಅಂಥ ಒಂದೇ ಜಾಗ ಸಿಗುವುದು ಅಪರೂಪ ಎಂದು ಮೊದಲೇ ಒಪ್ಪಿಕೊಂಡರೆ ಹುಡುಕಾಟ ಸುಲಭವಾಗುತ್ತದೆ. ದಿನದ ನಡುವಿನ ಹೊತ್ತಿಗೆ ಒಂದು ಖಾಯಂ ಜಾಗ, ಅದರ ಹಿಂದುಮುಂದಿನ ಗಂಟೆಗಳಿಗೆ ಮನೆಯ ಸಮೀಪದ ಒಬ್ಬ ವ್ಯಕ್ತಿ, ದಿಢೀರ್ ತುರ್ತಿಗೆ ಮೊದಲೇ ಹೇಳಿಟ್ಟ ಇನ್ನಿಬ್ಬರು, ಹೀಗೆ ಮೂರು ಪದರಗಳಲ್ಲಿ ವ್ಯವಸ್ಥೆ ಕಟ್ಟಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಉದಾಹರಣೆಗಳು ಬೆಂಗಳೂರಿನವು, ಹುಬ್ಬಳ್ಳಿ, ಮಂಗಳೂರು, ಮೈಸೂರಿನವರು ಹೊತ್ತನ್ನೂ ದರವನ್ನೂ ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಹಂತ 1: ಮಗುವಿನ ರೋಸ್ಟರ್ ಬರೆಯಿರಿ

ಕಳೆದ ಎರಡು ತಿಂಗಳ ನಿಮ್ಮ ಡ್ಯೂಟಿ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳಿ. ಪಕ್ಕದಲ್ಲಿ ಪ್ರಯಾಣದ ಹೊತ್ತನ್ನೂ ಸೇರಿಸಿ, ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಬೇಕಾದ ಗಂಟೆಗಳು ಯಾವುವು ಎಂದು ಬರೆಯಿರಿ. ಗಂಡನ ಪಾಳಿಗೂ ಇದೇ ಪುಟದಲ್ಲಿ ಒಂದು ಸಾಲು ಇರಬೇಕು; ಎಷ್ಟೋ ಮನೆಗಳಲ್ಲಿ ತಾಯಿಯ ಡ್ಯೂಟಿ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿರುತ್ತದೆ, ತಂದೆಯದು ಅವರ ಮೊಬೈಲಿನಲ್ಲೇ ಉಳಿದಿರುತ್ತದೆ.

ಲಗ್ಗೆರೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಮಾರ್ಕೆಟ್ ಕಡೆಯ ಆಸ್ಪತ್ರೆಯೊಂದಕ್ಕೆ ಹೋಗುವ ನರ್ಸ್ ಒಬ್ಬರನ್ನು ಊಹಿಸಿಕೊಳ್ಳೋಣ. ಅವರ ಬೆಳಗಿನ ಡ್ಯೂಟಿ 7.30ರಿಂದ 2, ಮಧ್ಯಾಹ್ನದ ಡ್ಯೂಟಿ 1.30ರಿಂದ 8.30, ರಾತ್ರಿಯದು 8ರಿಂದ ಮರುದಿನ ಬೆಳಿಗ್ಗೆ 8. ಪ್ರಯಾಣಕ್ಕೆ ಹೋಗಿಬರುವಾಗ ಒಂದೊಂದು ಗಂಟೆ ಹಿಡಿದರೆ ಮಗುವಿಗೆ ಆರೈಕೆ ಬೇಕಾದ ಹೊತ್ತು ಕ್ರಮವಾಗಿ 6.30ರಿಂದ 3, 12.30ರಿಂದ 9.30, ಸಂಜೆ 7ರಿಂದ ಬೆಳಿಗ್ಗೆ 9. ರಾತ್ರಿ ಡ್ಯೂಟಿಯವರು ಇಲ್ಲಿ ಒಂದು ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬಂದ ತಾಯಿ ಮಧ್ಯಾಹ್ನ ಎರಡರವರೆಗಾದರೂ ಮಲಗಬೇಕು, ಆ ಐದು ಗಂಟೆಯೂ ಆರೈಕೆಯ ಹೊತ್ತೇ. ನಿದ್ದೆಗಣ್ಣಿನಲ್ಲಿ ಎರಡು ವರ್ಷದ ಮಗುವನ್ನು ನೋಡಿಕೊಳ್ಳುವುದು ಅಪಾಯದ ಕೆಲಸ.

ಮೂರೂ ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ನಡುವಿನ ಹೊತ್ತು ಯಾವ ಪಾಳಿಯಲ್ಲೂ ವ್ಯರ್ಥವಾಗುವುದಿಲ್ಲ ಎಂಬುದು ಕಾಣುತ್ತದೆ. ಬೆಳಗಿನ ವಾರದಲ್ಲಿ ಅದು ಡ್ಯೂಟಿಯ ಹೊತ್ತು, ರಾತ್ರಿಯ ವಾರದಲ್ಲಿ ನಿದ್ದೆಯ ಹೊತ್ತು, ಮಧ್ಯಾಹ್ನದ ವಾರದಲ್ಲಿ ಅರ್ಧ ವಿಶ್ರಾಂತಿ, ಅರ್ಧ ಡ್ಯೂಟಿ. ಬದಲಾಗುವುದು ಅಂಚುಗಳು ಮಾತ್ರ. ಆದ್ದರಿಂದ ನಡುವಿನ ಆರು ಗಂಟೆಗೆ ವಾರವಿಡೀ ಒಂದೇ ಜಾಗ ಗೊತ್ತುಮಾಡಬಹುದು. ತಾಯಿಯ ಪಾಳಿ ಬದಲಾದರೂ ಮಗುವಿನ ದಿನಚರಿ ಕೆಡುವುದಿಲ್ಲ.

ಹಂತ 2: ಕೆಲಸದ ಜಾಗದಲ್ಲಿ ಕೇಳಬೇಕಾದ್ದನ್ನು ಕೇಳಿ

ಹಣ ಖರ್ಚಾಗದ ಪರಿಹಾರಗಳು ಇಲ್ಲಿವೆ, ಆದ್ದರಿಂದ ಡೇ ಕೇರ್ ಹುಡುಕುವ ಮೊದಲೇ ಇಲ್ಲಿಗೆ ಬನ್ನಿ. ರೋಸ್ಟರ್ ಒಂದು ವಾರ ಮುಂಚೆ ಕೈಗೆ ಸಿಗುವಂತೆ, ಸಹೋದ್ಯೋಗಿಯೊಂದಿಗೆ ಪಾಳಿ ಅದಲುಬದಲು ಮಾಡಿಕೊಳ್ಳಲು ಅನುಮತಿ ಸಿಗುವಂತೆ, ಓಟಿ ಇರುವ ದಿನ ಮಧ್ಯಾಹ್ನ ಹನ್ನೆರಡರೊಳಗೆ ತಿಳಿಸುವಂತೆ ಲಿಖಿತವಾಗಿ ಕೇಳಿ. "ಸ್ವಲ್ಪ ಅನುಕೂಲ ಮಾಡಿಕೊಡಿ" ಎಂಬ ಮನವಿಗೆ ಸೂಪರ್‌ವೈಸರ್ ಒಪ್ಪಿದರೂ ಏನು ಮಾಡಬೇಕೆಂದು ಅವರಿಗೆ ತೋಚುವುದಿಲ್ಲ. "ಮುಂದಿನ ಆರು ತಿಂಗಳು ರಾತ್ರಿ ಪಾಳಿ ತಿಂಗಳಿಗೆ ಒಂದು ವಾರ ಮೀರದಿರಲಿ, ಬದಲಿಗೆ ಭಾನುವಾರದ ಡ್ಯೂಟಿ ನಾನು ಮಾಡುತ್ತೇನೆ" ಎಂದು ಬರೆದುಕೊಟ್ಟರೆ ಚೌಕಾಶಿಗೆ ದಾರಿಯಾಗುತ್ತದೆ. ಈಗ ಜಾರಿಯಲ್ಲಿರುವ ಕಾರ್ಮಿಕ ಸಂಹಿತೆಯ ಪ್ರಕಾರ ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮುನ್ನ ಮಹಿಳೆಯರಿಂದ ಕೆಲಸ ಮಾಡಿಸಲು ಅವರ ಒಪ್ಪಿಗೆ ಬೇಕು ಎಂಬುದೂ ನೆನಪಿರಲಿ.

ಶಿಶುಪಾಲನಾ ಕೇಂದ್ರದ ವಿಷಯಕ್ಕೆ ಬಂದರೆ, ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ ಕ್ರೆಷ್ ಸೌಲಭ್ಯ ಒದಗಿಸಬೇಕೆಂದು ಹೇಳಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಮುಂದುವರಿಸಿದೆ. ಗಮನಿಸಿ, ಲೆಕ್ಕ ಒಟ್ಟು ನೌಕರರದು. ಅವರಲ್ಲಿ ಮಹಿಳೆಯರು ಎಷ್ಟು ಎಂಬ ಪ್ರಶ್ನೆ ಇಲ್ಲಿಲ್ಲ. ವಿಶ್ರಾಂತಿಯ ಹೊತ್ತೂ ಸೇರಿ ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಬಹುದು. ಹಲವು ಸಂಸ್ಥೆಗಳು ಸೇರಿ ಒಂದೇ ಕೇಂದ್ರ ನಡೆಸುವುದಕ್ಕೂ ಅವಕಾಶವಿದೆ, ಹೀಗಾಗಿ "ನಮ್ಮಲ್ಲಿ ಜಾಗವಿಲ್ಲ" ಎಂಬ ಉತ್ತರಕ್ಕೆ ಪಕ್ಕದ ಕಂಪನಿಯ ಹೆಸರು ಹೇಳಿ ಮರುಪ್ರಶ್ನೆ ಹಾಕಬಹುದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಹಗಲು ರಾತ್ರಿ ಪಾಳಿಗಳಿರುವಲ್ಲಿ ಕ್ರೆಷ್ ಕೂಡ ಅದಕ್ಕೆ ತಕ್ಕಂತೆ ನಡೆಯಬೇಕೆನ್ನುತ್ತದೆ. ವಾಸ್ತವದಲ್ಲಿ ಹೆಚ್ಚಿನ ಕ್ರೆಷ್‌ಗಳು ಹಗಲಿನ ಜನರಲ್ ಶಿಫ್ಟ್‌ಗೆ ಸೀಮಿತವಾಗಿರುತ್ತವೆ, ಆದ್ದರಿಂದ "ಕ್ರೆಷ್ ಇದೆಯೇ" ಎಂದು ಕೇಳಿ ಸುಮ್ಮನಾಗದೆ, ಎಷ್ಟು ಗಂಟೆಗೆ ತೆರೆಯುತ್ತದೆ, ಓಟಿಯ ದಿನ ಯಾರಿರುತ್ತಾರೆ, ಯಾವ ವಯಸ್ಸಿನಿಂದ ಸೇರಿಸಿಕೊಳ್ಳುತ್ತಾರೆ ಎಂಬುದನ್ನೂ ಕೇಳಿ.

ಸೌಲಭ್ಯವೇ ಇಲ್ಲವೆಂದಾದರೆ, ಮೊದಲು ಎಚ್‌.ಆರ್. ವಿಭಾಗಕ್ಕೆ ಬರಹದಲ್ಲಿ ಮನವಿ, ಅಲ್ಲಿ ಕೆಲಸವಾಗದಿದ್ದರೆ ಕಾರ್ಮಿಕ ಇಲಾಖೆಗೆ, ಕಾರ್ಖಾನೆಯಾದರೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಗೆ ದೂರು. ಒಬ್ಬರೇ ಸಹಿ ಹಾಕಿದ ಅರ್ಜಿಯಿಂದ ಆ ಒಬ್ಬರ ಮೇಲೆ ಕಣ್ಣು ಬೀಳುವ ಸಂಭವವೇ ಹೆಚ್ಚು. ಚಿಕ್ಕ ಮಕ್ಕಳಿರುವ ಎಂಟು ಹತ್ತು ಜನ ಒಟ್ಟಾಗಿ, ಸಂಘವಿದ್ದರೆ ಸಂಘದ ಮೂಲಕ, ಮುಂದುವರಿಯುವುದು ಲೇಸು. ಸರ್ಕಾರಿ ನೌಕರರಿಗೆ ಇನ್ನೊಂದು ದಾರಿಯೂ ಇದೆ: ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನ, ರಾಜ್ಯ ಸರ್ಕಾರದವರಿಗೆ 180 ದಿನ ಶಿಶುಪಾಲನಾ ರಜೆ ಸಿಗುತ್ತದೆ. ಮೂರು ಪದರಗಳೂ ಒಟ್ಟಿಗೆ ಕೈಕೊಡುವ ದಿನಗಳಿಗೆಂದು ಅದನ್ನು ಬಿಡಿಬಿಡಿಯಾಗಿ ಬಳಸುವುದು ಜಾಣತನ.

ಹಂತ 3: ನಡುವಿನ ಹೊತ್ತಿಗೆ ಖಾಯಂ ಜಾಗ

ಮಗುವಿಗೆ ಮೂರು ವರ್ಷ ತುಂಬಿದ್ದರೆ ಮೊದಲು ನೋಡಬೇಕಾದದ್ದು ಅಂಗನವಾಡಿ. ಆರು ವರ್ಷದೊಳಗಿನವರಿಗೆ ಊಟ, ಆಟ, ಪಾಠ ಎಲ್ಲವೂ ಉಚಿತ, ಹೆಚ್ಚುಕಡಿಮೆ ಹತ್ತರಿಂದ ನಾಲ್ಕರವರೆಗೆ ತೆರೆದಿರುತ್ತದೆ. ಮೇಲಿನ ಲೆಕ್ಕದಲ್ಲಿ ನಮಗೆ ಬೇಕಿದ್ದ ಹೊತ್ತೂ ಅದೇ. ಮಧ್ಯಮ ವರ್ಗದ ಮನೆಗಳಲ್ಲಿ ಅಂಗನವಾಡಿಯೆಂದರೆ ಮೂಗು ಮುರಿಯುವ ಅಭ್ಯಾಸವಿದೆ. ಇಂಗ್ಲಿಷ್ ಹೆಸರಿನ ಬೋರ್ಡ್ ಹಾಕಿಕೊಂಡ, ಗಾಳಿಯಾಡದ ಎರಡು ಕೋಣೆಯ ಪ್ಲೇ ಹೋಂಗಿಂತ ಒಳ್ಳೆಯ ಕಾರ್ಯಕರ್ತೆ ಇರುವ ಅಂಗನವಾಡಿ ಎಷ್ಟೋ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

ಮೂರು ತುಂಬದ ಮಕ್ಕಳಿಗೆ ಆಯ್ಕೆಗಳು ಕಡಿಮೆ. ಕೇಂದ್ರದ 'ಪಾಲನಾ' ಯೋಜನೆಯಡಿ ಕೆಲವು ಅಂಗನವಾಡಿಗಳಲ್ಲೇ 6 ತಿಂಗಳಿಂದ 6 ವರ್ಷದ ಮಕ್ಕಳಿಗೆ ಕ್ರೆಷ್ ನಡೆಯುತ್ತದೆ. ಹಳ್ಳಿಗಳಲ್ಲಾದರೆ 2023-24ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಗಿ ಗ್ರಾಮ ಪಂಚಾಯಿತಿಗಳ ಮೂಲಕ ಶುರುವಾದ 'ಕೂಸಿನ ಮನೆ'ಗಳಿವೆ; ರಾಮನಗರ, ಮಂಡ್ಯದ ಹಳ್ಳಿಗಳಿಂದ ದಿನವೂ ಗಾರ್ಮೆಂಟ್ಸ್‌ಗೆ ಹೋಗಿಬರುವವರು ತಮ್ಮ ಪಂಚಾಯಿತಿಯಲ್ಲಿ ವಿಚಾರಿಸಬೇಕು. ಇವೆರಡೂ ಎಲ್ಲ ಕಡೆ ಇಲ್ಲ. ನಿಮ್ಮ ಬಡಾವಣೆಯಲ್ಲಿ ಇದೆಯೇ ಎಂದು ತಿಳಿಯಲು ಅಂಗನವಾಡಿ ಕಾರ್ಯಕರ್ತೆಯನ್ನೋ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನೋ ಕೇಳಿದರೆ ಸಾಕು.

ಖಾಸಗಿ ಡೇ ಕೇರ್‌ಗೇ ಹೋಗಬೇಕಾಗಿ ಬಂದರೆ ತಿಂಗಳ ಶುಲ್ಕವನ್ನು ನಿಜವಾಗಿ ಬಳಸುವ ದಿನಗಳಿಂದ ಭಾಗಿಸಿ ನೋಡಿ. ಲೆಕ್ಕಕ್ಕೆಂದು, ಪೂರ್ಣ ದಿನದ ಶುಲ್ಕ ತಿಂಗಳಿಗೆ 7,000 ರೂಪಾಯಿ, ನಿಮ್ಮ ಪಾಳಿಗಳಿಂದಾಗಿ ಮಗು ಹೋಗುವುದು 14 ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ 500 ರೂಪಾಯಿ ಬಿತ್ತು. ಅದೇ ಕೇಂದ್ರದಲ್ಲಿ 4,000 ರೂಪಾಯಿಯ ಅರ್ಧ ದಿನದ ಪ್ಯಾಕೇಜ್ ತೆಗೆದುಕೊಂಡು 20 ದಿನ ಕಳಿಸಿದರೆ ದಿನಕ್ಕೆ 200. "ತಿಂಗಳಲ್ಲಿ ನಮಗೆ ಬೇಕಾದ ಹದಿನೈದು ದಿನ" ಎಂಬ ಒಪ್ಪಂದಕ್ಕೆ ಸಣ್ಣ ಕೇಂದ್ರಗಳು ಕೆಲವೊಮ್ಮೆ ಒಪ್ಪುತ್ತವೆ, ರೋಸ್ಟರ್ ಪ್ರತಿಯನ್ನು ತಿಂಗಳ ಮೊದಲ ದಿನವೇ ಕೊಡುತ್ತೇನೆಂದರೆ ಇನ್ನೂ ಬೇಗ ಒಪ್ಪುತ್ತವೆ. ತಡವಾಗಿ ಕರೆದೊಯ್ದರೆ ವಿಧಿಸುವ ಹೆಚ್ಚುವರಿ ಹಣ ಎಷ್ಟೆಂದು ಸೇರುವ ಮುನ್ನವೇ ಕೇಳಿ. ಪಾಳಿಯವರ ಬಜೆಟ್ ಕೆಡಿಸುವುದು ಹೆಚ್ಚಾಗಿ ಆ ಸಣ್ಣಕ್ಷರದ ಸಾಲೇ.

ಹಂತ 4: ಅಂಚಿನ ಗಂಟೆಗಳಿಗೆ ಹತ್ತಿರದ ಮನೆ

ಇಡೀ ವ್ಯವಸ್ಥೆಯ ಗಟ್ಟಿತನ ನಿಂತಿರುವುದು ಈ ಎರಡನೆಯ ಪದರದ ಮೇಲೆ. ಬೆಳಿಗ್ಗೆ ಆರೂವರೆಗೆ ನಿದ್ದೆಯಲ್ಲಿರುವ ಮಗುವನ್ನು ಹೊದಿಕೆ ಸಮೇತ ಎತ್ತಿಕೊಂಡು ಹೋಗಿ ಮಲಗಿಸಬಹುದಾದ ಮನೆ ಎಂದರೆ ಅದೇ ವಠಾರದ, ಹೆಚ್ಚೆಂದರೆ ಅದೇ ಬೀದಿಯ ಮನೆ. ಸ್ವಂತ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಿರುವ, ದಿನದ ಹೆಚ್ಚಿನ ಹೊತ್ತು ಮನೆಯಲ್ಲೇ ಇರುವ ಗೃಹಿಣಿ, ಮನೆಯಲ್ಲೇ ಬಟ್ಟೆ ಹೊಲಿಯುವವರು, ಹೂ ಕಟ್ಟುವವರು ಇಂಥ ಹೊಣೆಗೆ ಒಪ್ಪುವ ಸಾಧ್ಯತೆ ಹೆಚ್ಚು.

ನಮ್ಮಲ್ಲಿ ಇದು ಕೆಡುವುದು ದಾಕ್ಷಿಣ್ಯದಿಂದ. "ಅಯ್ಯೋ, ದುಡ್ಡೇನು ಬೇಡಮ್ಮ, ನಮ್ಮ ಮನೆ ಮಗು ಇದ್ದ ಹಾಗೆ" ಎಂದು ಪಕ್ಕದ ಮನೆಯ ಅಕ್ಕ ಹೇಳುತ್ತಾರೆ, ನೀವು ಹಬ್ಬಕ್ಕೊಂದು ಸೀರೆ ಕೊಟ್ಟು ಸುಮ್ಮನಾಗುತ್ತೀರಿ. ಮೂರನೆಯ ತಿಂಗಳಿಗೆ ಅವರಿಗೆ ಬೇಸರ ಬಂದಿರುತ್ತದೆ, ಹೇಳಲು ಸಂಕೋಚ. ನಿಮಗೆ ಕೇಳಲು ಸಂಕೋಚ. ಒಂದು ಬೆಳಿಗ್ಗೆ ಅವರ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಆದ್ದರಿಂದ ಮೊದಲ ದಿನವೇ ನೇರವಾಗಿ ಮಾತಾಡಿ: "ಅಕ್ಕಾ, ನೀವು ನೋಡಿಕೊಳ್ಳುತ್ತೀರಿ ಅನ್ನುವ ಧೈರ್ಯದ ಮೇಲೆ ನಾನು ಡ್ಯೂಟಿಗೆ ಹೋಗುವುದು. ಹಣ ತಗೊಂಡರೆ ಮಾತ್ರ ನನಗೂ ಕೇಳುವುದಕ್ಕೆ ಬಾಯಿ ಬರುತ್ತದೆ."

ಹಣವನ್ನು ಎರಡು ಭಾಗ ಮಾಡಿ ಕೊಡುವುದು ಒಳ್ಳೆಯದು. ಮಗು ಬಂದರೂ ಬರದಿದ್ದರೂ ತಿಂಗಳಿಗೆ ಇಷ್ಟು ಎಂಬ ಖಾಯಂ ಮೊತ್ತ ಒಂದು, ನೋಡಿಕೊಂಡ ಗಂಟೆಗಳಿಗೆ ತಕ್ಕ ಮೊತ್ತ ಇನ್ನೊಂದು. ಪಾಳಿಯ ಕೆಲಸದವರು ಪಕ್ಕದ ಮನೆಯವರಿಂದ ಪಡೆಯುವ ದೊಡ್ಡ ಉಪಕಾರವೆಂದರೆ ಅವರು ಊರಿಗೆ ಹೋಗದೆ, ಬೇರೆ ಕೆಲಸ ಒಪ್ಪಿಕೊಳ್ಳದೆ ಸಿದ್ಧರಾಗಿರುವುದು. ಅದಕ್ಕೆ ಬೆಲೆ ಕಟ್ಟದೆ ಬರೀ ಗಂಟೆಗೆ ಇಷ್ಟೆಂದು ಕೊಟ್ಟರೆ, ಕೆಲಸ ಕಡಿಮೆ ಬಿದ್ದ ತಿಂಗಳಲ್ಲಿ ಅವರು ಬೇರೆಡೆ ಒಪ್ಪಿಕೊಂಡುಬಿಡುತ್ತಾರೆ. ಉದಾಹರಣೆಗೆ, ಖಾಯಂ 1,500 ರೂಪಾಯಿ, ಗಂಟೆಗೆ 40 ರೂಪಾಯಿ, ರಾತ್ರಿ ಉಳಿದರೆ ಒಟ್ಟಾರೆ 300 ರೂಪಾಯಿ ಎಂದು ಮಾತಾದರೆ, ನಲವತ್ತು ಗಂಟೆ ಮತ್ತು ಐದು ರಾತ್ರಿಯ ತಿಂಗಳಿಗೆ 4,600 ರೂಪಾಯಿ ಆಗುತ್ತದೆ. ನಿಮ್ಮ ಬೀದಿಯ ದರ ಬೇರೆ ಇರಬಹುದು. ರೂಪ ಮಾತ್ರ ಹೀಗಿರಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಗಳಲ್ಲಿ ಅದನ್ನು ಇದಕ್ಕೇ ಎತ್ತಿಡುವ ಯೋಚನೆ ಸಹಜ, ಆದರೆ ಕಂತು ತಡವಾಗುವುದುಂಟು, ಅಕ್ಕನಿಗೆ ಕೊಡುವ ಹಣ ತಡವಾಗಬಾರದು.

ಹಣದ ಬದಲು ಗಂಟೆಗೆ ಗಂಟೆ ಎಂಬ ಹೊಂದಾಣಿಕೆಯೂ ನಡೆಯುತ್ತದೆ. ಒಬ್ಬರ ಡ್ಯೂಟಿ ಬೆಳಿಗ್ಗೆ, ಇನ್ನೊಬ್ಬರದು ಮಧ್ಯಾಹ್ನವಾಗಿದ್ದಾಗ ಇಬ್ಬರು ತಾಯಂದಿರು ಪರಸ್ಪರ ಮಕ್ಕಳನ್ನು ನೋಡಿಕೊಳ್ಳಬಹುದು. ಒಂದೇ ವಾರ್ಡಿನಲ್ಲಿ ಕೆಲಸ ಮಾಡುವ ಗೆಳತಿಗಿಂತ ಬೇರೆ ಸಂಸ್ಥೆಯವರೇ ಇದಕ್ಕೆ ವಾಸಿ. ಒಂದೇ ಕಡೆಯವರಾದರೆ ಸಿಬ್ಬಂದಿ ಕೊರತೆಯಾದ ದಿನ ಇಬ್ಬರನ್ನೂ ಒಟ್ಟಿಗೇ ಕರೆಯುತ್ತಾರೆ.

ಇನ್ನು ಅಜ್ಜಿಯರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದ ಮೇಲೆ, ರಾತ್ರಿ ಡ್ಯೂಟಿಯ ವಾರಕ್ಕಷ್ಟೇ ಊರಿನಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸಿಕೊಂಡು ವಾರ ಮುಗಿದೊಡನೆ ಕಳಿಸಿಕೊಡುವುದು ಖರ್ಚಿಲ್ಲದೆ ಆಗುವ ಮಾತಾಗಿದೆ. ಆಧಾರ್ ಕಾರ್ಡ್ ಕೈಯಲ್ಲಿರಬೇಕು, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ವರ್ಷವಿಡೀ ನಗರದ ಒಂದು ಕೋಣೆಯಲ್ಲಿ ಇರಲು ಒಪ್ಪದ ಹಿರಿಯರು ತಿಂಗಳಿಗೊಂದು ವಾರಕ್ಕೆ ಸಂತೋಷದಿಂದ ಬರುತ್ತಾರೆ. ಆದರೆ ಮಂಡಿನೋವಿನ ಎಪ್ಪತ್ತರ ಅಜ್ಜಿಯ ಕೈಗೆ ಓಡಾಡುವ ಮಗುವನ್ನು ಹನ್ನೆರಡು ಗಂಟೆ ಒಪ್ಪಿಸುವುದು ಇಬ್ಬರಿಗೂ ಅನ್ಯಾಯ. ಅಜ್ಜಿ ಬಂದ ವಾರವೂ ಅಂಗನವಾಡಿ ತಪ್ಪಿಸಬೇಡಿ.

ಒಂದು ದಾರಿಯನ್ನು ಮಾತ್ರ ಹಿಡಿಯಲೇಬಾರದು. ಊರಿನಿಂದ ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು "ಮಗು ಆಡಿಸಲು" ಕರೆತರುವುದು ಅಪರಾಧ. ಮನೆಗೆಲಸಕ್ಕೆ 14 ವರ್ಷದೊಳಗಿನವರನ್ನು ಇಟ್ಟುಕೊಳ್ಳುವುದಕ್ಕೆ 2006ರಿಂದಲೇ ನಿಷೇಧವಿದೆ, 2016ರ ತಿದ್ದುಪಡಿಯ ನಂತರ ಬೇರೆಲ್ಲ ಉದ್ಯೋಗಗಳಿಗೂ ಅದೇ ನಿಯಮ ಅನ್ವಯವಾಗಿದೆ.

ಹಂತ 5: ದಿಢೀರ್ ಕರೆಗೆ ಇಬ್ಬರು

ಓಟಿ ಬಂದಾಗ, ಅಕ್ಕನಿಗೆ ಜ್ವರ ಬಂದಾಗ, ಬಸ್ಸು ಸಿಲ್ಕ್ ಬೋರ್ಡ್‌ನಲ್ಲಿ ನಿಂತುಬಿಟ್ಟಾಗ ಯಾರಿಗೆ ಮೊದಲು ಫೋನ್, ಯಾರಿಗೆ ಎರಡನೆಯದು ಎಂಬುದು ಮೊದಲೇ ಗೊತ್ತಿರಬೇಕು. ಆ ಇಬ್ಬರಿಗೂ ಅವರ ಹೆಸರು ಪಟ್ಟಿಯಲ್ಲಿದೆ ಎಂದು ತಿಳಿಸಿ, ತಿಂಗಳಿಗೊಮ್ಮೆಯಾದರೂ ಮಗುವನ್ನು ಅವರ ಮನೆಗೆ ಕರೆದೊಯ್ದು ಗುರುತು ಉಳಿಸಿ. ಅಂಗನವಾಡಿಗೂ ಡೇ ಕೇರ್‌ಗೂ ಅವರ ಫೋಟೊ ಮತ್ತು ಫೋನ್ ನಂಬರ್ ಸಮೇತ ಪತ್ರ ಬರೆದುಕೊಡಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ, ಸಂಬಂಧಿಕರೇ ಆದರೂ, ನಿಮಗೆ ಫೋನ್ ಮಾಡದೆ ಮಗುವನ್ನು ಕಳಿಸಬಾರದು ಎಂಬ ಸಾಲು ಆ ಪತ್ರದಲ್ಲಿ ಇರಲಿ.

ಹಂತ 6: ಒಪ್ಪಿಸುವ ಮುನ್ನ ನೋಡಬೇಕಾದ್ದು

ಮಧ್ಯಾಹ್ನ ಒಂದರಿಂದ ಮೂರರ ನಡುವೆ, ಮುಂಚೆ ಹೇಳದೆ, ಒಮ್ಮೆ ಹೋಗಿಬನ್ನಿ. ಬೆಳಿಗ್ಗೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಊಟ ಮುಗಿದು ಸಿಬ್ಬಂದಿ ದಣಿದಿರುವ ಹೊತ್ತಿನಲ್ಲಿ ನಿಜಸ್ಥಿತಿ ತಿಳಿಯುತ್ತದೆ. ಎಚ್ಚರವಾಗಿರುವ ಮಗುವಿನ ಜೊತೆ ಯಾರಾದರೂ ಇದ್ದಾರೆಯೇ, ಎಲ್ಲರನ್ನೂ ಟಿ.ವಿ. ಮುಂದೆ ಕೂರಿಸಿದ್ದಾರೆಯೇ, ಒದ್ದೆ ಚಡ್ಡಿ ಬದಲಾಗಿದೆಯೇ ನೋಡಿ. ಬೆಂಗಳೂರಿನ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಸಂಪಿನ ಮುಚ್ಚಳ. ಗೇಟಿನ ಪಕ್ಕದಲ್ಲೇ ಇರುವ ಅದನ್ನು ನೀರು ಬಿಡುವ ದಿನ ತೆಗೆದು ಹಾಗೆಯೇ ಬಿಡುವ ಅಭ್ಯಾಸ ಎಷ್ಟೋ ಕಡೆ ಇದೆ. ಬೀಗ ಹಾಕುವ ಕೊಂಡಿ ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲೇ ಹಾಕಿಸಿಕೊಡಿ. ಆಮೇಲೆ ಮಹಡಿ ಮೆಟ್ಟಿಲು, ಬಾಲ್ಕನಿಯ ಸರಳುಗಳ ನಡುವಿನ ಅಂತರ, ನೆಲದ ಮೇಲಿಟ್ಟ ಗ್ಯಾಸ್ ಒಲೆ, ಬಚ್ಚಲಿನ ನೀರು ತುಂಬಿದ ಬಕೆಟ್.

ಮನೆಯಲ್ಲೇ ಉಳಿಯುವ ಆಯಾ ಬೇಕೆಂದಾದರೆ ಏಜೆನ್ಸಿಯ ಮಾತಿನ ಮೇಲೆ ಬಿಡದೆ, ಸೇವಾಸಿಂಧು ಪೋರ್ಟಲ್ ಮೂಲಕ ಮನೆಗೆಲಸದವರ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಬಹುದು. ಹಿಂದಿನ ಇಬ್ಬರು ಮಾಲೀಕರಿಗೆ ನೀವೇ ಫೋನ್ ಮಾಡಿ, ಯಾಕೆ ಬಿಟ್ಟರೆಂದು ಕೇಳಿ. ಮಗುವಿನ ಮೈಮೇಲೆ ಕಾರಣ ಹೇಳಲಾಗದ ಗಾಯ, ಒಬ್ಬರನ್ನು ಕಂಡೊಡನೆ ಹೆದರಿಕೆ, ಇದ್ದಕ್ಕಿದ್ದಂತೆ ಹೆಚ್ಚಾದ ನಿದ್ದೆ ಇಂಥವು ಕಂಡರೆ ಮೊದಲು ಮಗುವನ್ನು ಅಲ್ಲಿಂದ ಬಿಡಿಸಿ, ಆಮೇಲೆ ವಿಚಾರಣೆ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಉಚಿತವಾಗಿ ಲಭ್ಯ.

ಹಂತ 7: ಕೈಯಿಂದ ಕೈಗೆ ಹೋಗುವ ನೋಟ್‌ಬುಕ್

ಒಂದೇ ದಿನ ಮೂವರ ಕೈ ದಾಟುವ ಮಗುವಿನ ವಿಷಯದಲ್ಲಿ ದೊಡ್ಡ ತೊಂದರೆ ಎಂದರೆ ಯಾರು ಏನು ಕೊಟ್ಟರೆಂಬುದು ಇನ್ನೊಬ್ಬರಿಗೆ ಗೊತ್ತಾಗದಿರುವುದು. ಜ್ವರದ ಸಿರಪ್ ಎರಡು ಸಲ ಹೋಗುವುದು ಹೀಗೆಯೇ. ಮಗುವಿನ ಚೀಲದಲ್ಲಿ ಸದಾ ಇರುವ ನೂರು ಪುಟದ ಸಣ್ಣ ನೋಟ್‌ಬುಕ್ ಇದಕ್ಕೆ ಸಾಕು. ಪುಟ ಹೀಗಿರಲಿ: "ಮಂಗಳವಾರ. 6.15 ಹಾಲು ಅರ್ಧ ಲೋಟ, ಪೂರ್ತಿ ಕುಡಿದ. ಮೈ ಸ್ವಲ್ಪ ಬಿಸಿ, ಔಷಧಿ ಕೊಟ್ಟಿಲ್ಲ. 9.00 ಇಡ್ಲಿ ಒಂದು. 9.40 ಜ್ವರ 100.6, ಡಾಕ್ಟರ್ ಬರೆದಿದ್ದ ಸಿರಪ್ ಬಾಟಲಿಯ ಅಳತೆಯಂತೆ ಕೊಟ್ಟೆ. ಮುಂದಿನದು ಮೂರೂ ನಲವತ್ತಕ್ಕೆ ಮೊದಲು ಬೇಡ." ಬರೆಯಲು ಬಾರದವರಾದರೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಲಿ.

ನೋಟ್‌ಬುಕ್ಕಿನ ಹಿಂಬದಿಗೆ ತಾಯಿ ಕಾರ್ಡಿನ ಲಸಿಕೆ ಪುಟದ ಜೆರಾಕ್ಸ್, ಅಲರ್ಜಿ ಇದ್ದರೆ ಅದರ ವಿವರ, ಹತ್ತಿರದ ಆಸ್ಪತ್ರೆಯ ಹೆಸರು ಅಂಟಿಸಿ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಓ.ಆರ್‌.ಎಸ್. ಪೊಟ್ಟಣ, ಮಗು ಅಂಟಿಕೊಂಡಿರುವ ಹಳೆಯ ಹೊದಿಕೆ ಇರಲಿ. ಎದೆಹಾಲು ತೆಗೆದಿಟ್ಟು ಹೋಗುವವರು ಕೋಣೆಯ ಬಿಸಿ 25 ಡಿಗ್ರಿ ಆಸುಪಾಸಿನಲ್ಲಿದ್ದರೆ 4 ಗಂಟೆ, ಫ್ರಿಜ್ಜಿನಲ್ಲಾದರೆ 4 ದಿನ ಎಂಬ ಲೆಕ್ಕ ಇಟ್ಟುಕೊಂಡು, ಬಾಟಲಿಯ ಮೇಲೆ ತೆಗೆದ ಹೊತ್ತನ್ನು ಬರೆಯಬೇಕು. ಏಪ್ರಿಲ್ ತಿಂಗಳ ಶೀಟಿನ ಮನೆಯಲ್ಲಿ ಹೊರಗಿಡುವ ಮಾತೇ ಬೇಡ.

ಹಂತ 8: ಒಂದು ವಾರ ಪರೀಕ್ಷೆ, ಆಮೇಲೆ ತಿದ್ದುಪಡಿ

ಹೆರಿಗೆ ರಜೆ ಮುಗಿಯುವ ಹದಿನೈದು ದಿನ ಮುಂಚೆಯೇ, ನೀವು ಮನೆಯಲ್ಲಿರುವಾಗಲೇ, ಇಡೀ ವ್ಯವಸ್ಥೆಯನ್ನು ಒಂದು ವಾರ ನಡೆಸಿ ನೋಡಿ. ಮೊದಲ ದಿನ ಎರಡು ಗಂಟೆ, ನಂತರ ಅರ್ಧ ದಿನ, ಕೊನೆಗೆ ಒಂದು ರಾತ್ರಿ. ಅಕ್ಕ ಬಿಡುವುದಾದರೆ ಹದಿನೈದು ದಿನ ಮುಂಚೆ ಹೇಳುವುದು, ನೀವು ನಿಲ್ಲಿಸುವುದಾದರೂ ಹದಿನೈದು ದಿನದ ಖಾಯಂ ಹಣ ಕೊಡುವುದು ಎಂಬ ಮಾತು ಆಗಲೇ ಆಗಿರಬೇಕು.

ಒಮ್ಮೆ ಹೊಂದಿಸಿದ ವ್ಯವಸ್ಥೆ ಹೆಚ್ಚು ಕಾಲ ಹಾಗೆಯೇ ಉಳಿಯುವುದಿಲ್ಲ. ಮಗುವಿಗೆ ಮೂರು ತುಂಬಿದಾಗ ಖಾಸಗಿ ಡೇ ಕೇರ್‌ನಿಂದ ಅಂಗನವಾಡಿಗೆ ಬದಲಿಸಿ ಉಳಿದ ಹಣವನ್ನು ಅಂಚಿನ ಗಂಟೆಗಳಿಗೆ ಹಾಕಬಹುದು. ಆರು ದಾಟಿ ಶಾಲೆ ಸೇರಿದ ಮೇಲೆ ಕ್ರೆಷ್‌ಗಳ ಬಾಗಿಲು ಮುಚ್ಚುತ್ತದೆ, ಹಗಲಿನ ಚಿಂತೆ ಕಡಿಮೆಯಾಗಿ ಸಂಜೆ ನಾಲ್ಕರ ನಂತರದ ಹೊತ್ತು ಮುಂದೆ ಬರುತ್ತದೆ. ದಸರಾ ರಜೆಗೂ ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆಗೂ ಬೇರೆಯೇ ಪಟ್ಟಿ ಬೇಕಾಗುತ್ತದೆ. ಅದಕ್ಕೆಂದು ವಾರ್ಷಿಕ ರಜೆಯ ಅರ್ಜಿಯನ್ನು ಫೆಬ್ರವರಿಯಲ್ಲೇ ಕೊಟ್ಟುಬಿಡಿ, ಮಾರ್ಚ್ ಬರುವಷ್ಟರಲ್ಲಿ ಮಕ್ಕಳಿರುವ ಸಹೋದ್ಯೋಗಿಗಳೆಲ್ಲ ಅದೇ ದಿನಗಳನ್ನು ಕೇಳಿರುತ್ತಾರೆ.